ಯಾರು ಈ ತಂಬುಳಿಭಾಯ್?

ಸೂರತ್ತಿನ ಪಾಂಡೇಸರಾದಲ್ಲಿರುವ ಬಟ್ಟೆಗೆ ಬಣ್ಣ ಹಾಕುವ ನಮ್ಮ ಡೈಯಿಂಗ್ ಮಿಲ್ಲಿನ ಆಫೀಸಿನಲ್ಲಿ ಅನುಮಾನಕ್ಕೆ ಭಾನುವಾರವೂ ರಜೆ ಇಲ್ಲ. ಬಣ್ಣ ಬೆರೆಸುವ ಹದ ಪಕ್ಕದ ಮಿಲ್ಲಿಗೆ ಸೋರಿಬಿಟ್ಟರೆ ಅಂತ ಮಾಲೀಕ ಸೇಠ್‌ಜಿಗೆ ಸದಾ ಭಯ. ಆ ಹದದ ಪ್ರೋಗ್ರಾಂ ಬರೆಯುವವನು ನಾನು. ನಾನೂ ಅನುಮಾನದಲ್ಲಿ ಕಮ್ಮಿಯವನಲ್ಲ ಅನ್ನಿ.

೧

ಕೋಡ್ ಇಡುವ ಸೈಟಿನಲ್ಲಿ ನಾನು ಎರಡು ಖಾತೆ ನೋಡಿಕೊಳ್ಳುತ್ತೇನೆ, ಒಂದೇ ಕಂಪ್ಯೂಟರಿನಿಂದ. ಒಂದು ಮಿಲ್ಲಿನದು, ಇನ್ನೊಂದು ಭಾವನ ಉಡುಪಿ ಹೋಟೆಲಿನದು. ಪಾಸ್‌ವರ್ಡಿನ ಬದಲು ಎಸ್‌ಎಸ್‌ಎಚ್ ಕೀ ಅನ್ನುವ ಫೈಲು ಇದ್ದರೆ ಸೈಟು ಒಳಗೆ ಬಿಡುತ್ತದೆ. ಮಿಲ್ಲಿನ ಖಾತೆಗೆ ನನ್ನ ಕೀ ಸೇರಿಸಲು ಹೋದರೆ, 'ಈ ಕೀ ಆಗಲೇ ಬಳಕೆಯಲ್ಲಿದೆ' ಅಂತು. ಅಯ್ಯೋ, ಕಳ್ಳತನ! ಪಕ್ಕದ ಮೇಜಿನವನ ಮೇಲೆ ಹರಿಹಾಯ್ದೆ.

"ನನ್ನ ಕೀ ಯಾಕಯ್ಯಾ ಮುಟ್ಟಿದೆ?"

"ಸರ್, ಅದನ್ನ ನಿನ್ನೆ ಹೋಟೆಲಿನ ಖಾತೆಗೆ ಹಾಕಿಸಿದ್ದೇ ನೀವು. ಮಸಾಲೆ ದೋಸೆ ಕೊಡಿಸ್ತೀನಿ ಅಂತ ನನ್ನ ಕೈಲೇ ಹಾಕಿಸಿದ್ರಿ. ದೋಸೆ ಇನ್ನೂ ಬಂದಿಲ್ಲ."

೨

ಒಂದು ಕೀ ಒಂದೇ ಖಾತೆಗೆ ಅಂತೆ. ಸರಿ, ಖಾತೆಗೊಂದು ಕೀ ಮಾಡಿದೆ. ಇಲ್ಲಿ ಯಾರಿಗೂ ಸುಳಿವು ಸಿಗಬಾರದು ಅಂತ ಒಂದಕ್ಕೆ 'ಸಾರು', ಇನ್ನೊಂದಕ್ಕೆ 'ಹುಳಿ' ಅಂತ ಹೆಸರಿಟ್ಟೆ. ಎರಡೇ ದಿನಕ್ಕೆ ಮಿಲ್ಲಿನದು ಸಾರೋ ಹುಳಿಯೋ ಮರೆತೇ ಹೋಯಿತು. ಮಿಲ್ಲಿನ ಖಾತೆಗೆ ಅಂತ ಒಂದು ಕೀ ಹಾಕಿದರೆ ಸೈಟು ಹೋಟೆಲಿನ ಹೆಸರು ಹೇಳಿ ಸ್ವಾಗತಿಸಿತು. ಮನೆಗೆ ಬಂದು ಹೆಂಡತಿಯ ಮುಂದೆ ಕಂಪ್ಯೂಟರನ್ನು ಬೈದೆ.

"ಹದಿನೈದು ವರ್ಷದಿಂದ ಉಣ್ತಿದ್ದೀರಿ. ಸಾರು ಯಾವುದು, ಹುಳಿ ಯಾವುದು ನಿಮಗೇ ಗೊತ್ತಾಗಲ್ಲ, ಪಾಪ ಅದಕ್ಯಾಕೆ ಬೈತೀರಿ?" ಅಂದಳು.

೩

ಮಿಲ್ಲಿನ ಕೀ ಅಳಿಸಿ ಹೊಸದು ಮಾಡಿದೆ. ಅವತ್ತಿನ ಊಟದ ಡಬ್ಬಿ ನೋಡಿ 'ತಂಬುಳಿ' ಅಂತ ಹೆಸರಿಟ್ಟೆ. ಹಿಂದಿನ ದಿನವಷ್ಟೇ ಆ ಖಾತೆಯನ್ನು ಸೇಠ್‌ಜಿಯ ಇ-ಮೇಲ್‌ಗೆ ಬದಲಾಯಿಸಿದ್ದು ನೆನಪೇ ಆಗಲಿಲ್ಲ. ತಂಬುಳಿ ಅನ್ನುವ ಹೊಸ ಕೀ ಸೇರಿದೆ ಅಂತ ಅವರಿಗೆ ಮೇಲ್ ಹೋಯಿತು.

"ಯಾರು ಈ ತಂಬುಳಿಭಾಯ್? ಅವನನ್ನ ಒಳಗೆ ಬಿಟ್ಟವನಿಗೆ ಇವತ್ತೇ ನೌಕರಿಯ ಕೊನೇ ದಿನ!" ಅಂತ ಕೂಗಾಡಿ ತಾವೇ ಕೀ ಅಳಿಸಿದರು. ವಾಚ್‌ಮನ್‌ಗೂ ಫೋನ್ ಮಾಡಿ, ತಂಬುಳಿ ಅನ್ನುವವನು ಬಂದರೆ ಗೇಟಿನಲ್ಲೇ ಕೂರಿಸು ಅಂದರು. ಬಾಯಿ ಬಿಟ್ಟರೆ ನೌಕರಿ ಹೋಗುತ್ತದೆ, ಬಿಡದಿದ್ದರೆ ಕೀ ಇಲ್ಲದೆ ಕೆಲಸವೇ ನಡೆಯುವುದಿಲ್ಲ.

ಕೊನೆಗೆ ಧೈರ್ಯ ಮಾಡಿ ಡಬ್ಬಿ ಹಿಡಿದುಕೊಂಡು ಅವರ ಕೋಣೆಗೆ ಹೋದೆ.

"ಸೇಠ್‌ಜಿ, ತಂಬುಳಿ ಮನುಷ್ಯ ಅಲ್ಲ. ಮೆಂತ್ಯ, ತೆಂಗಿನಕಾಯಿ, ಮಜ್ಜಿಗೆ, ಅಷ್ಟೇ. ಕೀಗೆ ಆ ಹೆಸರಿಟ್ಟವನು ನಾನೇ. ಬೇಕಾದ್ರೆ ರುಚಿ ನೋಡಿ." ಲೋಟಕ್ಕೆ ಬಗ್ಗಿಸಿ ಮುಂದಿಟ್ಟೆ.

ಅವರು ಲೋಟವನ್ನು ಮೂಸಿದರು. ನನ್ನ ಮುಖ ನೋಡಿದರು. ಆಮೇಲೆ ಲೋಟವನ್ನು ನನ್ನ ಕಡೆಗೇ ತಳ್ಳಿದರು.

"ಆಯ್ತು, ನೌಕರಿ ಇರಲಿ, ಕೀನೂ ವಾಪಸ್ ಹಾಕ್ಕೋ. ಆದ್ರೆ ಇದನ್ನ ಮೊದಲು ನೀನು ಕುಡಿ. ಹತ್ತು ನಿಮಿಷ ನೋಡಿ ಆಮೇಲೆ ನಾನು ಕುಡೀತೀನಿ."