ಹಿಂದೆ ಏನೋ ಇದೆಯಂತೆ

ಮುಂದೆ ಹೋಗುವುದನ್ನು ಹೆತ್ತವರಿಂದ ಹಿಡಿದು ಡ್ರೈವಿಂಗ್ ಶಾಲೆಯವರ ತನಕ ಎಲ್ಲರೂ ಕಲಿಸುತ್ತಾರೆ. ಹಿಂದಕ್ಕೆ ಬರುವುದನ್ನು ಮಾತ್ರ ಯಾರೂ ಮನಸ್ಸಿಟ್ಟು ಕಲಿಸುವುದಿಲ್ಲ. ನನಗೆ ಕಾರು ಕಲಿಸಿದ ಪುಣ್ಯಾತ್ಮ ಆಳಂದದಿಂದ ಮಟಕಿಯವರೆಗೆ ನೇರ ರಸ್ತೆಯಲ್ಲಿ ಓಡಿಸಿ, ಅಲ್ಲಿ ನನ್ನಿಂದಲೇ ಚಹಾ ಕೊಡಿಸಿಕೊಂಡು ಕುಡಿದು, ಬಯಲಿನಲ್ಲಿ ದೊಡ್ಡದೊಂದು ಸುತ್ತು ಹಾಕಿಸಿ ವಾಪಸು ಕರೆತರುತ್ತಿದ್ದ. "ರಿವರ್ಸ್ ಯಾವಾಗ ಕಲಸ್ತೀಯಪ್ಪಾ?" ಎಂದರೆ, "ಅದು ತಾನಾಗೇ ಬರ್ತದ್ರಿ ಸರ್" ಎನ್ನುತ್ತಿದ್ದ. ವಯಸ್ಸಾದಂತೆ ತಾನಾಗಿಯೇ ಬಂದದ್ದು ಬಹಳ ಇದೆ: ಮೊಣಕಾಲು ನೋವು, ಬಿಳಿ ಮೀಸೆ, ಮೂಗಿನ ತುದಿಯ ಸಿಟ್ಟು. ರಿವರ್ಸ್ ಮಾತ್ರ ಬರಲಿಲ್ಲ. ಮೂವತ್ತು ಮಕ್ಕಳ ಮುಂದೆ ನಿಂತು ಕೋನ, ತ್ರಿಜ್ಯ ಎಂದು ಗಂಟಲು ಹರಿದುಕೊಳ್ಳುವ ನರೋಣಾದ ಗಣಿತದ ಮೇಷ್ಟ್ರಿಗೆ ತನ್ನ ಕಾರಿನ ಹಿಂಭಾಗ ಎಲ್ಲಿ ಮುಗಿಯುತ್ತದೆಂದು ಗೊತ್ತಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ನನ್ನ ಹೆಂಡತಿ ನೀಲಮ್ಮ ನಂಬುತ್ತಾಳೆ.

ಆದ್ದರಿಂದಲೇ ಹೋದ ವರ್ಷ ಹೊಸ ಕಾರು ಕೊಳ್ಳುವಾಗ ನಾನು ಎಂಜಿನ್ ಕೇಳಲಿಲ್ಲ, ಮೈಲೇಜು ಕೇಳಲಿಲ್ಲ, ಹಿಂದಿನ ಬಂಪರಿನಲ್ಲಿದ್ದ ನಾಲ್ಕು ಗುಂಡಿಗಳನ್ನು ನೋಡಿ ಸೋತುಹೋದೆ. ಪಾರ್ಕಿಂಗ್ ಸೆನ್ಸರ್! ಹಿಂದೆ ಗೋಡೆಯೋ ಎಮ್ಮೆಯೋ ಇದ್ದರೆ ಕಾರೊಳಗೆ ಟುಯ್ ಟುಯ್ ಎನ್ನುತ್ತದೆ. ಹತ್ತಿರವಾದಷ್ಟೂ ಅವಸರ ಮಾಡುತ್ತದೆ. ಇನ್ನೇನು ತಾಗಿತು ಎನ್ನುವಾಗ ಉಸಿರು ಬಿಡದೆ ಕಿರುಚುತ್ತದೆ. ನಮ್ಮ ಕಡೆ ಯಾರಾದರೂ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರೆ ಸಾಕು, ಕಟ್ಟೆಯ ಮೇಲೆ ಕುಳಿತವರೆಲ್ಲ ಎದ್ದು ಬಂದು "ಬರ್ಲಿ, ಬರ್ಲಿ, ಬರ್ಲಿ" ಎಂದು ಕೈ ಬೀಸುವುದು ರೂಢಿ. ಅದೊಂದು ಸಮಾಜಸೇವೆ. ಏನಾದರೂ ಧಡ್ ಎಂದ ಮೇಲೆ "ಸಾಕ್ ಸಾಕ್" ಎನ್ನುತ್ತಾರೆ. ಜೇವರ್ಗಿಯಲ್ಲಿ ಷಡ್ಡಕನ ಮಗಳ ಮದುವೆಗೆ ಹಳೆಯ ಕಾರಿನಲ್ಲಿ ಹೋದಾಗ ಹಾಗೆಯೇ ಹತ್ತು ಕೈಗಳ ಮಾರ್ಗದರ್ಶನದಲ್ಲಿ ಕುಡಿಯುವ ನೀರಿನ ಡ್ರಮ್ಮನ್ನು ಉರುಳಿಸಿದ್ದೆ. ಬೀಗರ ಓಣಿ ತೊಯ್ದಿತ್ತು. ಇಂದಿಗೂ ಆ ಮನೆಯಲ್ಲಿ ನನ್ನ ಹೆಸರು ಬಂದರೆ ಮೊದಲು ನಗು ಬರುತ್ತದೆ, ಆಮೇಲೆ ಹೆಸರು.

ಈಗ ಅದೇ ಹುಡುಗಿ ಬಸುರಿ, ಅವಳ ಕುಬಸದ ಕಾರ್ಯ. ತವರಿನವರು ಹಸಿರು ಸೀರೆ, ಬಳೆ, ಬುತ್ತಿ ತೆಗೆದುಕೊಂಡು ಭಾನುವಾರ ಜೇವರ್ಗಿಗೆ ಹೋಗಬೇಕು. ನೀಲಮ್ಮ ನನ್ನನ್ನು ಕೇಳದೆ ಅಫಜಲಪುರದಲ್ಲಿರುವ ತನ್ನ ಅಕ್ಕ, ಹುಡುಗಿಯ ತಾಯಿ ಶಾಂತಕ್ಕನಿಗೆ ಫೋನಿನಲ್ಲಿ ಹೇಳಿಬಿಟ್ಟಳು: "ಬಾಡಿಗಿ ಗಾಡಿ ಬ್ಯಾಡ ಬಿಡಕ್ಕಾ. ನಮ್ಮ ಮನ್ಯಾವ್ರೇ ಹೊಡ್ಕೊಂಡ್ ಬರ್ತಾರ. ಈಗಿನ ಗಾಡಿ ತಾನೇ ಹೇಳ್ತದ, ಎಲ್ಲಿ ನಿಲ್ಲಬೇಕಂತ." ಬೀಗರ ಆ ಓಣಿಯೊಳಗೆ ಗಾಡಿ ತಿರುಗಿಸಲು ಜಾಗವಿಲ್ಲ, ಹಿಂದುಹಿಂದಾಗಿಯೇ ಹೋಗಬೇಕು; ಒಂದು ಕಡೆ ಗಟಾರ, ಇನ್ನೊಂದು ಕಡೆ ಬೇವಿನ ಮರ. ನನಗೆ ಎದೆಯೇನೂ ಹೊಡೆದುಕೊಳ್ಳಲಿಲ್ಲ. ಸೆನ್ಸರ್ ಇತ್ತಲ್ಲ! ಡ್ರಮ್ಮಿನ ಅಪಕೀರ್ತಿ ತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಬರುವುದಿಲ್ಲ ಎಂದುಕೊಂಡೆ.

ಆ ಭಾನುವಾರಕ್ಕೆ ಮೊದಲು ಬಂದ ಅಮಾವಾಸ್ಯೆಯಂದು ಎಂದಿನಂತೆ ಗಾಡಿಯ ಪೂಜೆಯಾಯಿತು. ಅವತ್ತು ಪೂಜೆ ಸ್ವಲ್ಪ ಜೋರಾಗಿಯೇ ಇತ್ತು, ಏಕೆಂದರೆ ಕಾರಿಗೆ ಹೊಸ ಬೋರ್ಡ್ ಬಂದಿತ್ತು. ನಮ್ಮೂರಿನ ಮುಂಜಾನೆ ನಡಿಗೆದಾರರ ಸಂಘಕ್ಕೆ ನನ್ನನ್ನು ಗೌರವ ಉಪಾಧ್ಯಕ್ಷನನ್ನಾಗಿ ಮಾಡಿದ್ದರು. ನಡೆಯುವವರ ಸಂಘದವನಿಗೆ ಕಾರಿನ ಮೇಲೆ ಬೋರ್ಡ್ ಯಾಕೆ ಎಂದು ನೀವು ಕೇಳಬಹುದು. ನಮ್ಮ ಕಡೆ ಹುದ್ದೆ ಎಂದರೆ ಬೋರ್ಡ್, ಬೋರ್ಡ್ ಎಂದರೆ ಕೆಂಪು, ಕೆಂಪು ಎಂದರೆ ಕಾರು. ಸಂಘದವರೇ ದಪ್ಪ ತಗಡಿನ ಮೇಲೆ ಬರೆಸಿ ತಂದು, ಕಾರಿನ ಹಿಂದೆ ಕಬ್ಬಿಣದ ಪಟ್ಟಿ ಹಾಕಿ ಬಿಗಿದು ಚಪ್ಪಾಳೆ ತಟ್ಟಿದ್ದರು. ನೀಲಮ್ಮ ಬೋರ್ಡಿಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಆ ನಾಲ್ಕು ಗುಂಡಿಗಳಿಗೂ ಒಂದೊಂದು ಬೊಟ್ಟು ಇಟ್ಟಳು. ಬೊಟ್ಟು ಇಡಲೆಂದೇ ಮಾಡಿದ ಹಾಗಿದ್ದವು ಅವು, ಅವಳದೇನು ತಪ್ಪು?

ಮರುದಿನ ಶಾಲೆಗೆ ಹೊರಟು ರಿವರ್ಸ್ ಗೇರ್ ಹಾಕಿದೆ. ಕಿರುಚಿತು. ಹಿಂದೆ ಖಾಲಿ ಬಯಲು, ಒಂದು ಕೋಳಿ ಕೂಡ ಇಲ್ಲ. ಇಳಿದು ನೋಡಿದೆ, ಹತ್ತಿದೆ, ಮತ್ತೆ ಕಿರುಚಿತು. "ಹಿಂದೆ ಏನೋ ಇದೆ, ಏನೋ ಇದೆ" ಎಂದು ಅದರ ಹಟ. ನಾನು ಸೀದಾ ಅಡುಗೆಮನೆಗೆ ಹೋಗಿ, "ನಿನ್ನ ಕುಂಕುಮಾ ಹಚ್ಚಿ ಹಚ್ಚಿ ಅದರ ಕಣ್ಣ ಮುಚ್ಚಿಬಿಟ್ಟಿ" ಎಂದೆ. ನೀಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ವರ್ಷದಿಂದ ಹಚ್ಚಾಕತ್ತೇನಿ. ಅವತ್ತೆಲ್ಲ ಕಣ್ಣ ಕಾಣ್ತಿದ್ವು, ಇವತ್ತ ಮುಚ್ಚಿದ್ವೇನು?" ಎಂದಳು. ಆದರೂ ಒದ್ದೆ ಬಟ್ಟೆ ತಂದು ನಾಲ್ಕನ್ನೂ ತಿಕ್ಕಿ ಒರೆಸಿದಳು. ಕಿರುಚಾಟ ನಿಲ್ಲಲಿಲ್ಲ. ಬದಲಿಗೆ ಅವಳು ನನ್ನೊಂದಿಗೆ ಮಾತು ನಿಲ್ಲಿಸಿದಳು.

ಮುಂಜಾನೆಯ ನಡಿಗೆಯಲ್ಲಿ ವಿಷಯ ಇಟ್ಟೆ. ಉಪಾಧ್ಯಕ್ಷನ ಸಮಸ್ಯೆ ಸಂಘದ ಸಮಸ್ಯೆ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು ಮೀಟರ್ ಹಚ್ಚಿ ಕರೆಂಟ್ ನೋಡಬೇಕೆಂದರು. ತೊಗರಿ ವ್ಯಾಪಾರಿಯೊಬ್ಬರು ಮೊಬೈಲಿಗೆ ಜೋಡಿಸುವ ಬೆರಳುದ್ದದ ಯಂತ್ರ ಬಂದಿದೆ, ಕಾರಿನ ಕಾಲಬುಡದ ಸಾಕೆಟ್ಟಿಗೆ ಚುಚ್ಚಿದರೆ ಜಾತಕವನ್ನೇ ಹೇಳುತ್ತದೆ ಎಂದರು. ಇನ್ನೊಬ್ಬರು, ವೈರಿನೊಳಗೆ ಇಲಿ ಹೊಕ್ಕಿರಬೇಕು, ಬೆಕ್ಕೇ ಅದಕ್ಕೆ ತಕ್ಕ ಯಂತ್ರ ಎಂದರು. ಒಂದು ಫರ್ಲಾಂಗು ನಡೆಯುವುದರೊಳಗೆ ಸಂಘ ಮೂರು ಬಣವಾಯಿತು. ಬೆಕ್ಕಿನ ಬಣದಲ್ಲೇ ಹೆಚ್ಚು ಜನ.

ನಾನು ಬೆರಳುದ್ದದ ಯಂತ್ರವನ್ನೇ ತರಿಸಿದೆ. ಸ್ಟಾಫ್ ರೂಮಿನ ಕಿಟಕಿಯ ಕೆಳಗೆ ಕಾರು ನಿಲ್ಲಿಸಿ, ಚುಚ್ಚಿ, ಮೊಬೈಲ್ ಹಿಡಿದು ಕುಳಿತೆ. ಎಂಜಿನ್ನಿನ ಬಿಸಿ, ಬ್ಯಾಟರಿಯ ಬಲ, ಗಾಳಿ, ಎಣ್ಣೆ ಎಲ್ಲವನ್ನೂ ಹೇಳಿ, ಕೊನೆಗೆ ನಿಮ್ಮ ವಾಹನದಲ್ಲಿ ದೋಷವಿಲ್ಲ ಎಂದಿತು. ಅದೇ ಹೊತ್ತಿಗೆ ಸೆನ್ಸರ್ ಲಬೋ ಲಬೋ ಎನ್ನುತ್ತಿತ್ತು. ಶಾಲೆಯ ಪ್ರಯೋಗಾಲಯದಿಂದ ಮೀಟರ್ ತಂದು ವೈರಿಗೆ ಹಿಡಿದೆ, ಕರೆಂಟ್ ಇತ್ತು. ಇದೆ ಎಂದು ಗೊತ್ತಾದ ಮೇಲೆ ಮುಂದೇನು ಮಾಡಬೇಕು ಎಂಬುದು ಮೀಟರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಶುಕ್ರವಾರ ಆಟೋ ಎಲೆಕ್ಟ್ರಿಕಲ್ ಅಂಗಡಿಯ ಖಾಜಾಸಾಬರ ಹತ್ತಿರ ಹೋದೆ. ಅವರು ನನ್ನ ಬೆರಳುದ್ದದ ಯಂತ್ರ ನೋಡಿ ನಕ್ಕರು. "ಸರ್, ಇದು ಎಂಜಿನ್ ಕೂಡ ಅಷ್ಟೇ ಮಾತಾಡ್ತದ. ಸೆನ್ಸರ್ ಭಾಷಾ ಇದಕ್ಕ ಬರಂಗಿಲ್ರಿ. ಮಿಷನ್ ಆರ್ಸೋದಂದ್ರ ಡಾಕ್ಟರ್ ಆರ್ಸಿದಂಗ್ರಿ. ಹಲ್ಲಿನ ಡಾಕ್ಟರ್‌ಗಿ ಹೊಟ್ಟಿ ತೋರ್ಸಿದ್ರ ಹ್ಯಾಂಗ?" ಎಂದರು. ಹಾಗೆಂದವರು ತಾವೇ, ಯಂತ್ರವನ್ನೇ ಹಚ್ಚದೆ, "ನಾಕೂ ಖರಾಬ್ ಆಗ್ಯಾವ್ರಿ, ಬದ್ಲಿ ಮಾಡೋಣ" ಎಂದುಬಿಟ್ಟರು. ಹೊಸವು ಕಲಬುರಗಿಯಿಂದ ಬರಬೇಕು, ಸೋಮವಾರ ಆಗುತ್ತದೆ. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. ಸ್ಲೇಟಿನಷ್ಟು ಅಗಲದ ದೊಡ್ಡ ಸ್ಕ್ಯಾನರನ್ನು ಕೈಗೆ ಕೊಟ್ಟು, "ಇದು ಒಂದೊಂದು ಸೆನ್ಸರಿಗಿ ಏನ್ ಕಾಣಾಕತ್ತದ ಅಂತ ಬ್ಯಾರೆ ಬ್ಯಾರೆ ತೋರಸ್ತದ. ಒಯ್ದು ನೋಡ್ರಿ. ನಮ್ಮ ಹುಡುಗರಿಗಿ ಲೆಕ್ಕಾ ಕಲ್ಸಿದವ್ರು, ನಿಮಗ ತಿಳೀತದ" ಎಂದರು.

ಶನಿವಾರ ಮಧ್ಯಾಹ್ನ ಅಂಗಳದಲ್ಲಿ ಪರೀಕ್ಷೆ. ಒಬ್ಬರು ಒಳಗೆ ಕುಳಿತು ಓದಬೇಕು, ಒಬ್ಬರು ಹಿಂದೆ ಇರಬೇಕು. ಮಾತು ಬಿಟ್ಟವಳನ್ನೇ ಕರೆಯಬೇಕಾಯಿತು. ನೀಲಮ್ಮ ಕೈ ಒರೆಸಿಕೊಂಡು ಬಂದು, ನನ್ನ ಸೀಟಿನಲ್ಲಿ ಕುಳಿತು, ಕನ್ನಡಕ ಏರಿಸಿದಳು.

"ಮೊದಲನೇದಕ್ಕ ಏನೂ ಕಾಣವಲ್ದು. ಎರಡನೇದಕ್ಕ ಅಡ್ಡ ಅದ ಅಂತದ. ಮೂರನೇದಕ್ಕೂ ಅಡ್ಡ ಅದ ಅಂತದ. ಕಡೀದಕ್ಕ ಏನೂ ಇಲ್ಲ."

"ಅಡ್ಡ ಎಷ್ಟು ದೂರದಾಗ ಅದ?"

"ಗೇಣಿನೊಳಗ ಅದ ನೋಡ್ರಿ."

"ಸುಳ್ಳದ! ಮಿಷನ್ನೂ ಕೆಟ್ಟದ. ಇಲ್ಲಿ ಏನಂದ್ರ ಏನೂ ಇಲ್ಲ."

"ಸರಿಯಾಗಿ ನೋಡ್ರಿ."

"ಏನೂ ಇಲ್ಲ ಅನ್ನಾಕತ್ತೇನಿ! ನನ್ನ ಬೋರ್ಡ್ ಒಂದ ಅದ, ಅಷ್ಟ."

ಬಾಯಿಂದ ಬಿದ್ದ ಮೇಲೆ ಆ ಮಾತು ನನಗೇ ಕೇಳಿಸಿತು. ಬಗ್ಗಿದವನು ಹಾಗೆಯೇ ಬಗ್ಗಿಕೊಂಡಿದ್ದೆ. ಕಬ್ಬಿಣದ ಪಟ್ಟಿಯ ಮೇಲೆ ಹೊರಚಾಚಿದ್ದ ಬೋರ್ಡು ನಡುವಿನ ಎರಡು ಗುಂಡಿಗಳ ಮುಂದೆ ಸರಿಯಾಗಿ ಒಂದು ಗೇಣು ದೂರದಲ್ಲಿ ಅಡ್ಡ ನಿಂತಿತ್ತು. ನೀಲಮ್ಮ ಇಳಿದು ಬಂದು, ಸೊಂಟದ ಮೇಲೆ ಕೈ ಇಟ್ಟು ಅಕ್ಷರ ಅಕ್ಷರವಾಗಿ ಓದಿದಳು: ಗೌರವ ಉಪಾಧ್ಯಕ್ಷರು. "ನನ್ನ ಬೊಟ್ಟು ಶೇಂಗಾ ಕಾಳಿನಷ್ಟ ಇತ್ರಿ. ನಿಮ್ಮ ಗೌರವ ಎಷ್ಟಗಲ ಅದ, ನೀವೇ ಅಳೀರಿ" ಎಂದಳು. ನಾನು ಸ್ಕ್ರೂ ಬಿಚ್ಚಿದೆ. ಕಿರುಚಾಟ ನಿಂತಿತು.

ನಿಜ ಹೇಳುತ್ತೇನೆ, ನನಗೆ ದುಃಖವಾಯಿತು. ಜೇವರ್ಗಿಯ ಆ ಓಣಿಯಲ್ಲಿ ಬೋರ್ಡಿನೊಂದಿಗೆ ಇಳಿಯುವ ಚಿತ್ರ ಕಣ್ಣಲ್ಲಿ ಕಟ್ಟಿತ್ತು. ಬೋರ್ಡ್ ಇದ್ದರೆ ಸೆನ್ಸರ್ ಇಲ್ಲ, ಸೆನ್ಸರ್ ಇದ್ದರೆ ಬೋರ್ಡ್ ಇಲ್ಲ. "ಎಲ್ಲಿ ಹಾಕೋಣ ಇದನ್ನ?" ಎಂದು ಕೇಳಿದ್ದಕ್ಕೆ ನೀಲಮ್ಮ "ಕೊಳ್ಳಾಗ ಕಟ್ಕೋರಿ" ಎಂದಳು. ಮಾತು ಮರಳಿ ಬಂದಿತ್ತಲ್ಲ, ಅಷ್ಟಕ್ಕೇ ಸಮಾಧಾನಪಟ್ಟುಕೊಂಡು ಬೋರ್ಡನ್ನು ಜೋಳದ ಚೀಲದ ಹಿಂದೆ ಇಟ್ಟೆ.

ಭಾನುವಾರ ಅಫಜಲಪುರಕ್ಕೆ ಹೋಗಿ ಶಾಂತಕ್ಕನನ್ನೂ ಬುತ್ತಿಯ ಗಂಟುಗಳನ್ನೂ ಹತ್ತಿಸಿಕೊಂಡು ಜೇವರ್ಗಿ ಮುಟ್ಟಿದೆವು. ಹೆಂಗಸರು ಓಣಿಯ ಬಾಯಲ್ಲೇ ಇಳಿದು ತಟ್ಟೆ ಹಿಡಿದು ಒಳಗೆ ಹೋದರು. ನಾನೊಬ್ಬನೇ ಉಳಿದೆ. ಕಟ್ಟೆಯ ಮೇಲಿದ್ದವರು ಎದ್ದು, ಕೈ ಎತ್ತಿ, ಬಾಯಿ ತೆರೆದರು. ಅವರಿಗೆ ಅವಕಾಶವನ್ನೇ ಕೊಡಲಿಲ್ಲ. ಟುಯ್ ಎಂದಾಗ ತಿರುಗಿಸಿದೆ, ಟುಯ್ ಟುಯ್ ಎಂದಾಗ ನೇರ ಮಾಡಿದೆ, ಗಟಾರದಿಂದಲೂ ದೂರ, ಬೇವಿನಿಂದಲೂ ದೂರ, ಗೋಡೆಗೆ ಒಂದು ಮೊಳ ಬಿಟ್ಟು ನಿಲ್ಲಿಸಿದೆ. ಆಗಿನ ನನ್ನ ಸಂತೋಷವನ್ನು ಏನೆಂದು ಹೇಳಲಿ! ಎತ್ತಿದ ಕೈಗಳು ಹಾಗೆಯೇ ತಲೆ ಕೆರೆದುಕೊಂಡವು.

ಇಳಿದು ಬಾಗಿಲು ಹಾಕುತ್ತಿದ್ದಾಗ ರುಮಾಲು ಸುತ್ತಿದ ಹಿರಿಯರೊಬ್ಬರು ಬಂದು ಬೆನ್ನು ಚಪ್ಪರಿಸಿದರು. ಅಳಿಯನ ಕಡೆಯ ಸಂಬಂಧಿಕರಿರಬೇಕು, ನನ್ನನ್ನು ಹಿಂದೆ ನೋಡಿದವರಲ್ಲ. "ಭಪ್ಪರೇ! ಏನ್ ಗಾಡಿ ಹೊಡೀತಿಯಪ್ಪಾ! ಎಷ್ಟ್ ವರ್ಷಾತು ಈ ಲೈನಿಗಿ ಬಂದು?"

"ಈಗ್ ಈಗ್ರಿ" ಎಂದೆ.

"ಬಾ ಬಾ. ಡ್ರೈವರ್‌ಗೋಳ ಪಂಗ್ತಿ ಹಿತ್ತಲದಾಗ ಕುಂತದ. ಬಿಸಿ ಹೋಳಿಗಿ ಹಾಕಾಕತ್ತಾರ."

ನಾನು ಮೇಷ್ಟ್ರು, ಬೀಗರು, ಉಪಾಧ್ಯಕ್ಷರು ಎಂದು ಹೇಳಲು ಬಾಯಿ ತೆರೆದೆ. ಒಳಗೆ ಆರತಿಯೇ ಇನ್ನೂ ಶುರುವಾಗಿರಲಿಲ್ಲ, ಬೀಗರ ಪಂಕ್ತಿ ಎಷ್ಟು ಹೊತ್ತಿಗೋ. ಹಿತ್ತಲಿನಿಂದ ಹೋಳಿಗೆಯ ಘಮ ಬರುತ್ತಿತ್ತು. ತೆರೆದ ಬಾಯಿಯನ್ನು ಊಟಕ್ಕೇ ಬಳಸಿಕೊಂಡೆ. ಹಿರಿಯರು ಪಕ್ಕದಲ್ಲೇ ನಿಂತು, "ಇವನ್ ಕಡಿಂದ ಕಲ್ಕೋರಿ ರಿವರ್ಸ್ ಹೊಡ್ಯೋದು" ಎಂದು ಉಳಿದ ಡ್ರೈವರುಗಳಿಗೆ ಹೇಳುತ್ತ ನನ್ನ ಎಲೆಗೆ ತುಪ್ಪ ಹಾಕಿಸಿದರು.

ಅಷ್ಟರಲ್ಲಿ ನೀಲಮ್ಮ ನನ್ನನ್ನು ಹುಡುಕಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಹಿರಿಯರು, "ಯವ್ವಾ, ನಿಮ್ಮ ಡ್ರೈವರ್ ಊಟಾ ಮುಗಿಸ್ಲಿ, ಆಮ್ಯಾಲ ಕರಕೊಂಡ್ ಹೋಗ್ರಿ" ಎಂದರು. ನೀಲಮ್ಮ ಅವರನ್ನು ನೋಡಿದಳು, ನನ್ನನ್ನು ನೋಡಿದಳು, ಎಲೆಯ ಮೇಲಿನ ತುಪ್ಪವನ್ನು ನೋಡಿದಳು. ಸೆರಗು ಸರಿಮಾಡಿಕೊಂಡು, ಮುಖದ ಗಾಂಭೀರ್ಯ ಕೆಡದಂತೆ ಹೇಳಿದಳು: "ಹೌದ್ರಿ ಯಪ್ಪಾ, ಭಾಳ ಛಲೋ ಡ್ರೈವರ್ ಅದಾನ್ರಿ. ಹೊಟ್ಟಿ ತುಂಬ ನೀಡ್ರಿ."

ಮದುವೆಯಾದಾಗಿನಿಂದ ಅವಳು ನನ್ನ ಡ್ರೈವಿಂಗನ್ನು ಹೊಗಳಿದ್ದು ಅದೇ ಮೊದಲು. ಏಕವಚನವಾದರೂ ಆಗಲಿ ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.