ಮಾವನ ಕಪಾಟಿನ ವೈರಸ್ಸುಗಳು

ನನ್ನ ಸೋದರಮಾವನ ಕಣ್ಣಿಗೆ ಬೀಳಲು ನಮ್ಮೂರು ಆಲಂಕಾರಿನ ಜ್ವರಗಳೇ ಹೆದರುತ್ತಿದ್ದವು ಎಂದರೆ ನೀವು ನಂಬಲಿಕ್ಕಿಲ್ಲ. ಹೆದರದೆ ಏನು ಮಾಡಿಯಾವು? ಡಾಕ್ಟರರಾದರೆ ಮದ್ದು ಕೊಟ್ಟು ಕೈಬಿಡುತ್ತಾರೆ. ಮಾವ ಜ್ವರವನ್ನು ಕೂರಿಸಿಕೊಂಡು ಅದರ ಕುಲಗೋತ್ರ ಕೇಳುತ್ತಿದ್ದರು!

ಮಾವನದು ಜವಳಿ ಅಂಗಡಿ. ಪುತ್ತೂರಿನಲ್ಲಿ ರದ್ದಿಗೆ ಬಿದ್ದಿದ್ದ ಇಂಗ್ಲಿಷ್ ವೈದ್ಯಪುಸ್ತಕವೊಂದು ಸಿಕ್ಕಿದ್ದೇ ತಡ, ನಿಘಂಟು ಹಿಡಿದು ವೈರಸ್ಸುಗಳ ಅಧ್ಯಾಯವನ್ನು ಅರೆದು ಕುಡಿದರು. ಅವರು ಕೆಳಗಿಟ್ಟಾಗಲೆಲ್ಲ ನಾನೂ ಓದಿ ಅರ್ಧ ಪಂಡಿತನಾದೆ. ವೈರಸ್ಸು ಮೈಯಲ್ಲಿ ಎಲ್ಲಿ ಹೋಗಿ ಕೂರುತ್ತದೋ ಅದೇ ಅದರ ಜಾತಿ ಎಂದು ಪುಸ್ತಕ ಹೇಳುತ್ತಿತ್ತು. ಬಟ್ಟೆ ಜೋಡಿಸುವವರಿಗೆ ಇದಕ್ಕಿಂತ ಸುಲಭದ ಲೆಕ್ಕ ಉಂಟೇ? ಅಂಗಡಿಯ ಕಪಾಟಿನಲ್ಲಿ ಸೀರೆಯ ಅಂಕಣ ಚರ್ಮದ್ದಾಯಿತು: ಸಿಡುಬು, ದಡಾರ, ಸೀತಾಳೆ ಸಿಡುಬು. ಪಂಚೆಯದು ನರದ್ದು: ಪೋಲಿಯೋ, ಹುಚ್ಚುನಾಯಿ ರೋಗ. ಅಂಗಿಬಟ್ಟೆಯ ಜಾಗ ಶ್ವಾಸಕೋಶದ ಫ್ಲೂಗೆ. ಮಂಗನಬಾವನ್ನು ಎಲ್ಲಿಡುವುದೆಂದು ತಿಳಿಯದೆ ಟವೆಲುಗಳ ಜೊತೆ ಸೇರಿಸಿದರು.

ಒಂದು ದಿನ ಪಕ್ಕದ ಸವಣೂರಿನ ಗಿರಾಕಿಯೊಬ್ಬರು ಸೀನುತ್ತಾ ಬಂದರು.

"ಶೀತ ಮಾರಾಯ್ರೆ. ಪುತ್ತೂರಿಗೆ ಹೋಗಿ ಪೆನ್ಸಿಲಿನ್ ಚುಚ್ಚಿಸಿಕೊಳ್ತೇನೆ."

"ಅದು ಬ್ಯಾಕ್ಟೀರಿಯಾಕ್ಕೆ. ಇದು ವೈರಸ್. ನಿಮ್ಮ ಜೀವಕೋಶದ ಒಳಗೇ ಹೊಕ್ಕು, ಅಲ್ಲೇ ಉಂಡು, ಅಲ್ಲೇ ಮಕ್ಕಳು ಮಾಡುದು. ಪೆನ್ಸಿಲಿನ್ನಿಗೆಲ್ಲ ಕ್ಯಾರೇ ಇಲ್ಲ."

"ಹಾಗಾದ್ರೆ ಇದಕ್ಕೆ ಮದ್ದು ಎಂತ?"

"ಮದ್ದಿಲ್ಲ. ಗಂಜಿ ಊಟ ಮಾಡಿ ಮಲಗಿ."

"ಅಷ್ಟು ದಪ್ಪದ ಪುಸ್ತಕ ಓದಿ ಗಂಜಿಗೆ ಬಂದು ನಿಂತ್ರಲ್ಲ!"

ಸಿಡುಬು ಬಾರದ ಹಾಗೆ ದಾಕು ಚುಚ್ಚುವವರು ಬಂದರೆ ಊರಿನವರು ಹೆದರಿ ಗುಡ್ಡ ಹತ್ತುತ್ತಿದ್ದರು. ಮಾವ ಅಂಗಿಯ ತೋಳು ಮಡಚಿಕೊಂಡು ಎದುರು ಹೋಗುತ್ತಿದ್ದರು. "ನಿಮಗೆ ಹೋದ ಸಲವೇ ಹಾಕಿ ಆಗಿದೆ" ಎಂದರೆ, "ಅದು ಆ ಕೈಗೆ" ಎನ್ನುತ್ತಿದ್ದರು.

ಇಂಥ ಮಾವ ಒಮ್ಮೆ ಸಿಕ್ಕಿಬಿದ್ದರು. ಅತ್ತೆಗೆ ಬಲಗಡೆ ಬೆನ್ನಿನಿಂದ ಪಕ್ಕೆಯವರೆಗೆ ಬೆಂಕಿ ಇಟ್ಟಂಥ ನೋವು, ಮೇಲೆ ಗುಳ್ಳೆಗಳ ಸಾಲು. ಸರ್ಪಸುತ್ತು. ಅದು ಮೈಯನ್ನು ಪೂರ್ತಿ ಸುತ್ತಿ ತಲೆಗೂ ಬಾಲಕ್ಕೂ ಗಂಟು ಬಿದ್ದರೆ ಜೀವ ಹೋಯಿತೆಂಬುದು ನಮ್ಮಲ್ಲಿ ಯಾರೂ ಕಲಿಸದೆ ಎಲ್ಲರಿಗೂ ಗೊತ್ತು. ಅತ್ತೆ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರು.

ಮಾವ ಹಾಸಿಗೆಯ ಪಕ್ಕ ಕೂತರು. "ನೋಡು, ಇದು ಸರ್ಪ ಅಲ್ಲ. ಚಿಕ್ಕಂದಿನಲ್ಲಿ ನಿನಗೆ ಸೀತಾಳೆ ಸಿಡುಬು ಬಂದಿತ್ತಲ್ಲ, ಅದೇ ವೈರಸ್ಸು. ನರದ ಬುಡದಲ್ಲಿ ಮಲಗಿದ್ದದ್ದು ಈಗ ಎದ್ದಿದೆ. ಆ ಒಂದು ನರದ ದಾರಿ ಬಿಟ್ಟು ಹೋಗುದಿಲ್ಲ. ಬೆನ್ನುಮೂಳೆ ದಾಟಿ ಎಡಕ್ಕೆ ಬರುದಿಲ್ಲ."

"ನೀವು ಪುಸ್ತಕ ಓದಿದ್ದೀರಿ ಸರಿ," ಅತ್ತೆ ತಿರುಗದೆಯೇ ಹೇಳಿದರು. "ಅದು ಓದಿದೆಯಾ?"

ಮಾವ ಪುಸ್ತಕ ತರಲು ಎದ್ದರು.

"ಪಂಜದಿಂದ ನಾಟಿಮದ್ದಿನ ಪಂಡಿತರನ್ನು ಕರೆಸಿ," ಅಂದರು ಅತ್ತೆ. "ಕಾವಿ ಬಳಿದು ಅದರ ದಾರಿ ಕಟ್ಟಿಸುವ."

ಈ ಕಾವಿ ಬಳಿಯುವುದನ್ನು ಮಾವ ಅಂಗಡಿಯಲ್ಲಿ ಎಷ್ಟು ಸಲ ಗೇಲಿ ಮಾಡಿರಲಿಲ್ಲ! ಈಗ ಪುಸ್ತಕ ಬಿಟ್ಟು ತಾವೇ ಕಾವಿಕಲ್ಲು ತೇದು ತಂದರು. ಮೀಟರಿನ ಅಳತೆ ಬಂದ ಮೇಲೆ ಮೂಲೆ ಸೇರಿದ್ದ ಗಜದ ಕೋಲನ್ನು ಅತ್ತೆಯ ಬೆನ್ನಿಗೆ ಹಿಡಿದು, ಬೆನ್ನುಮೂಳೆಯ ಮೇಲೆ ಕುತ್ತಿಗೆಯಿಂದ ಸೊಂಟಕ್ಕೆ ಗೆರೆ ಎಳೆದರು.

"ಇದು ಗಡಿ. ಇದನ್ನು ದಾಟಿದರೆ ನನ್ನನ್ನು ಕೇಳು."

ದಿನಾ ಬೆಳಗ್ಗೆ ಹಿಂದೊಂದು ಮುಂದೊಂದು ಕನ್ನಡಿ ಹಿಡಿದು ಅತ್ತೆಗೆ ತೋರಿಸುತ್ತಿದ್ದರು. ಗೆರೆ ಮಾಸಿದರೆ ಮತ್ತೆ ಎಳೆಯುತ್ತಿದ್ದರು. ಗೆರೆಯ ಆಚೆ ಒಂದು ಗುಳ್ಳೆಯೂ ಏಳಲಿಲ್ಲ. ಈಚೆಯವು ಒಣಗತೊಡಗಿದ ದಿನ ಅತ್ತೆ ಎದ್ದು ಕೂತು, ಊಟದ ಬಟ್ಟಲು ತರಲು ಹೇಳಿದರು.

ಮಾವ ಅಂಗಳಕ್ಕೆ ಬಂದು ಕೈಯ ಕಾವಿ ತೊಳೆಯುತ್ತಿದ್ದರು. ಅಷ್ಟೂ ರಾತ್ರಿ ಅವರು ಎದ್ದೆದ್ದು ದೀಪ ಹಿಡಿದು ಗೆರೆ ನೋಡಿದ್ದನ್ನು ನಾನು ಕಂಡಿದ್ದೆ.

"ದಾಟುದಿಲ್ಲಾಂತ ನಿಮಗೆ ಗೊತ್ತಿತ್ತಲ್ಲ ಮಾವ," ಅಂದೆ. "ಮತ್ತೆ ನೀವ್ಯಾಕೆ ಹೆದರಿದ್ದು?"

"ಪುಸ್ತಕದಲ್ಲಿ ಬರೆದದ್ದು ಯಾರ್ಯಾರದೋ ಬೆನ್ನಿನ ವಿಷಯ," ಅಂದರು ಮಾವ. "ಇದು ಅವಳದ್ದಲ್ವಾ?"