ತೊದಲುವ ಮದುವೆಯ ನಕಲು ಪ್ರತಿ

"ಸ್ಟುಡಿಯೋದವರ ಕಾಲು ಹಿಡಿಯುವ ಕಾಲ ಮುಗಿಯಿತು! ಇನ್ನು ಮೇಲೆ ಈ ಮನೆಯ ಮದುವೆ ಮುಂಜಿಗಳೆಲ್ಲ ಈ ಮನೆಯಲ್ಲೇ ಡೀವೀಡಿ ಆಗುತ್ತವೆ!"

ಹೀಗೆಂದು ನಾನು ಘೋಷಿಸಿದ್ದು ಎರಡು ಸಾವಿರದ ಒಂಬತ್ತನೆಯ ಇಸವಿಯ ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಕಾರವಾರದ ಕೋಡಿಬಾಗದ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ದೋಸೆ ಸಟ್ಟುಗವನ್ನು ಖಡ್ಗದಂತೆ ಎತ್ತಿ ಹಿಡಿದು. ಸಭೆಯಲ್ಲಿ ಇಬ್ಬರೇ ಇದ್ದರು. ಒಬ್ಬರು ನನ್ನ ಯಜಮಾನರು ಗಿರಿಧರ, ಹೈಸ್ಕೂಲಿನ ಗಣಿತದ ಮಾಸ್ತರರು, ಬೇಸಿಗೆ ರಜೆಯಾದ್ದರಿಂದ ದಿನವಿಡೀ ಮನೆಯಲ್ಲೇ ಲಭ್ಯ. ಇನ್ನೊಬ್ಬರು ನನ್ನ ಅತ್ತೆ, ಬಲಗಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಕುರ್ಚಿಯಲ್ಲಿ ವಿರಾಜಮಾನರು.

"ನಿನಗೆ ಅದೆಲ್ಲ ಬರ್ತದೇನೆ ಮಂದಾ?" ಎಂದರು ಮಾಸ್ತರರು. ನನ್ನ ಪೂರ್ತಿ ಹೆಸರು ಮಂದಾಕಿನಿ. ಇಪ್ಪತ್ತು ವರ್ಷಗಳಿಂದ ಅವರು ಅದನ್ನು ಅರ್ಧಕ್ಕೆ ಕತ್ತರಿಸಿ, ಹೆಸರನ್ನೇ ಬೈಗುಳ ಮಾಡಿಟ್ಟಿದ್ದಾರೆ.

"ಕಾನ್ವೆಂಟಿನಲ್ಲಿ ಕಲಿತವಳಿಗೆ ಕನ್ವರ್ಟ್ ಮಾಡೂದು ಒಂದು ದೊಡ್ಡ ಕೆಲಸವಾ?"

"ಹಾಂ, ಒಂದೇ ಅಕ್ಷರದ ಫರಕು. ನಡೀಲಿ!"

ವಿಷಯ ಏನೆಂದರೆ, ಅಂಕೋಲೆಯಲ್ಲಿರುವ ನಾದಿನಿಯ ಮಗಳು ವಿಜೇತಾಳ ಮದುವೆ ಆಗಷ್ಟೇ ಅಂಕೋಲೆಯಲ್ಲಿ ಮುಗಿದಿತ್ತು. ಹುಡುಗಿ ಕಾಲೇಜು ಓದಿದ್ದೆಲ್ಲ ನಮ್ಮ ಮನೆಯಲ್ಲಿ, ಮಲಗಿದ್ದು ಅಜ್ಜಿಯ ಮಗ್ಗುಲಲ್ಲಿ. ಅಂಥ ಮೊಮ್ಮಗಳ ಮದುವೆಗೆ ನಾಲ್ಕು ದಿನ ಇರುವಾಗ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಕಾಲು ಮುರಿದುಕೊಂಡರು. ನಾವೆಲ್ಲ ಅಂಕೋಲೆಯಲ್ಲಿ ಅಕ್ಷತೆ ಹಾಕುವಾಗ ಅವರು ಕೋಡಿಬಾಗದಲ್ಲಿ ಕುರ್ಚಿಯ ಮೇಲೆ ಕೂತು ಗಡಿಯಾರ ನೋಡಿ ಗೋಡೆಗೆ ಅಕ್ಷತೆ ಹಾಕಿದರು.

ವಿಡಿಯೋ ತೆಗೆದವನು ವರನ ತಮ್ಮ ಸಂದೇಶ. ಹಡಗಿನಲ್ಲಿ ಕೆಲಸ. ಯಾವುದೋ ಬಂದರಿನಿಂದ ಹೊಚ್ಚ ಹೊಸ ಎಚ್‌ಡಿ ಕ್ಯಾಮೆರಾ ತಂದಿದ್ದ. ಮದುವೆಯನ್ನೆಲ್ಲ ಅದರಲ್ಲಿ ತುಂಬಿಸಿ, ಆ ಫೈಲುಗಳನ್ನು ನಮ್ಮ ಕಂಪ್ಯೂಟರಿಗೆ ಸುರಿದು, "ಇದು ಭಾರೀ ಸ್ಪಷ್ಟ ಅದೆ ಮಾಮಿ, ಸೊಳ್ಳೆ ಹಾರಿದ್ದೂ ಕಾಣ್ತದೆ" ಎಂದು ಹೇಳಿ ಹಡಗು ಹತ್ತಿದ. ನಮ್ಮ ಟೀವಿಗೆ ಜೋಡಿಸಿದ ಪ್ಲೇಯರು ಡೀವೀಡಿ ತಟ್ಟೆಯನ್ನಲ್ಲದೆ ಬೇರೇನನ್ನೂ ತಿನ್ನದು. ಹಾಗಾಗಿ ಆ ಮಹಾಗಾತ್ರದ ಫೈಲನ್ನು ಕುಗ್ಗಿಸಿ, ಪರಿವರ್ತಿಸಿ, ತಟ್ಟೆಗೆ ಬಡಿಸಬೇಕಿತ್ತು.

"ಎಚ್‌ಡಿ ಅಂದ್ರೆ ಎಂತದೋ ಗಿರಿಧರಾ?" ಎಂದು ಅತ್ತೆ ಕೇಳಿದರು.

"ಹೆಂಡತಿ ದರ್ಬಾರು ಆಯಿ."

ಅತ್ತೆ ನಗಲಿಲ್ಲ. "ನೋಡು ಮಂದಾಕಿನಿ, ಬರೂ ಆಯ್ತವಾರ ಹಟ್ಟಿಕೇರಿಯಿಂದ ಬೀಗರು ಊಟಕ್ಕೆ ಬರ್ತ್ರು, ಮದುಮಕ್ಕಳನ್ನೂ ಕರ್ಕೊಂಡು. ಅಷ್ಟ್ರೊಳಗೆ ನನಗೆ ತಾಳಿ ಕಟ್ಟೂದು ತೋರ್ಸಬೇಕು. ಉಳಿದದ್ದೆಲ್ಲ ಬಿಡು, ಅದೊಂದು ಸಾಕು. ಬೀಗ್ತಿ ಬಂದು 'ಮದುವೆ ಹ್ಯಾಂಗೆ ಅನಿಸ್ತು' ಹೇಳಿ ಕೇಳಿದ್ರೆ ನಾ ಎಂತ ಹೇಳೂದು? ಲಗ್ನಪತ್ರಿಕೆ ಚಲೋ ಇತ್ತು ಹೇಳೂದಾ?"

ಅವರ ದನಿ ಕೊನೆಯಲ್ಲಿ ಸ್ವಲ್ಪ ಒಡೆಯಿತು. ನಾನು ಸಟ್ಟುಗ ಕೆಳಗಿಟ್ಟು, "ಅತ್ತೇ, ಇವತ್ತು ಸಂಜೆಯೇ ನೋಡ್ತೀರಿ!" ಎಂದು ಮಾತು ಕೊಟ್ಟೆ.

ಇಲ್ಲಿ ನನ್ನ ವೃತ್ತಿಯ ಬಗ್ಗೆ ಎರಡು ಮಾತು ಹೇಳದೆ ವಿಧಿಯಿಲ್ಲ. ಕಾರವಾರದ ಒಂದು ಸರಕಾರಿ ಕಚೇರಿಯ ನಕಲು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವಳು ನಾನು. ನಕಲು ಮಾಡಿಯೇ ಅನ್ನ ತಿಂದವಳು, ಆದರೆ ಪರೀಕ್ಷೆಯಲ್ಲಲ್ಲ! ನಮ್ಮ ವಿಭಾಗದ ವ್ರತ ಒಂದೇ: ಮೊದಲು ಮೂಲ ಪ್ರತಿಯನ್ನು ಪರಿಶೀಲಿಸು. ಮೂಲ ಶುದ್ಧವಾಗಿದ್ದರೆ ಮಾತ್ರ ನಕಲನ್ನು ತೆರೆ. ಮೂಲದಲ್ಲೇ ಚಿತ್ತೋ ಹರಕೋ ಇದ್ದರೆ ನಕಲಿನ ಮುಖವನ್ನೂ ನೋಡದೆ ತಿರಸ್ಕರಿಸು. ಮೂಲಕ್ಕಿಂತ ಚೆನ್ನಾಗಿರುವ ನಕಲು ನಕಲೇ ಅಲ್ಲ, ಅದು ಫೋರ್ಜರಿ!

ಸೋಮವಾರ ಬೆಳಿಗ್ಗೆ ಪರಿವರ್ತನೆಯ ಸಾಫ್ಟ್‌ವೇರಿಗೆ ಕೆಲಸ ವಹಿಸಿ, ಖಾಲಿ ತಟ್ಟೆಯೊಂದನ್ನು ಒಳಗಿಟ್ಟು ಕಚೇರಿಗೆ ಹೋದೆ. ಸಂಜೆ ಬಂದಾಗ ಕಂಪ್ಯೂಟರು ಕೆಲಸ ಮುಗಿಸಿ, ಬರೆದ ತಟ್ಟೆಯನ್ನು ನಾಲಿಗೆಯ ಹಾಗೆ ಹೊರಗೆ ಚಾಚಿ ಕೂತಿತ್ತು. ಅತ್ತೆಯನ್ನು ಕಂಪ್ಯೂಟರಿನ ಎದುರಿಗೆ ಕೂರಿಸಿದೆವು. ನಾನು ಕಚೇರಿಯ ಪದ್ಧತಿಯಂತೆ ಮೊದಲು ಮೂಲವನ್ನು ಓಡಿಸಿದೆ.

ಓಡಿಸಿದೆ ಎಂದೆನೇ? ತಪ್ಪಾಯಿತು. ಕುಂಟಿಸಿದೆ! ವಿಜೇತಾ ಒಂದು ಹೆಜ್ಜೆ ಇಟ್ಟಳು. ನಿಂತಳು. ಕಾಲು ಗಾಳಿಯಲ್ಲಿ. ಸ್ವಲ್ಪ ಹೊತ್ತಿನ ಮೇಲೆ ಆಕೆ ಒಮ್ಮೆಗೇ ಮೂರು ಹೆಜ್ಜೆ ಮುಂದೆ ಹಾರಿ ಮಂಟಪದಲ್ಲಿದ್ದಳು. ವರನ ಸೋದರಮಾವನೊಬ್ಬ ಲಾಡು ತಿನ್ನಲೆಂದು ತೆರೆದ ಬಾಯಿ ಹದಿನೈದು ಸೆಕೆಂಡು ಹಾಗೇ ಇತ್ತು, ಅವನ ಎಲ್ಲ ಹುಳುಕು ಹಲ್ಲುಗಳೂ ಎಚ್‌ಡಿಯಲ್ಲಿ! ಕೊನೆಗೆ ಪುರೋಹಿತರು ಕೈ ಎತ್ತಿ ಮಾಂಗಲ್ಯದ ಮಂತ್ರ ಶುರು ಮಾಡಿದರು. "ತಂತು... ತಂತು... ತಂತು..."

"ಎಂತ ತಂತೋ ಅದು?" ಎಂದರು ಅತ್ತೆ.

"ತೊಂದರೆ ತಂತು" ಎಂದರು ಮಾಸ್ತರರು.

ಅಷ್ಟಕ್ಕೇ ಪರದೆ ಬಿಳಿಚಿಕೊಂಡು ಪ್ರೋಗ್ರಾಮು ಮುಚ್ಚಿಹೋಯಿತು. ನಾನು ಚಾಚಿದ ತಟ್ಟೆಯನ್ನು ಎತ್ತಿ ಬುಟ್ಟಿಗೆ ಎಸೆದೆ. ತಿರಸ್ಕೃತ!

"ಆ ತಟ್ಟೆ ಒಮ್ಮೆ ಟೀವಿಗೆ ಹಾಕಿ ನೋಡೂದಲ್ವನೆ?"

"ಮೂಲವೇ ತೊದಲುವಾಗ ನಕಲು ಭಾಷಣ ಮಾಡ್ತದಾ? ನಿಮಗೆ ಗಣಿತ ಗೊತ್ತು, ನಕಲು ಗೊತ್ತಿಲ್ಲ. ಸುಮ್ನಿರಿ."

ಮಾಸ್ತರರು ಸುಮ್ಮನಾದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ಗಳಿಸಿದ ಒಂದೇ ಪರಿಣತಿ ಅದು.

ಮಂಗಳವಾರ ಬೆಳಿಗ್ಗೆ ಮತ್ತೊಂದು ಖಾಲಿ ತಟ್ಟೆ ಒಳಗಿಟ್ಟು ಹೋಗಿ, ಕಚೇರಿಯ ಕಂಪ್ಯೂಟರ್ ಆಪರೇಟರ್ ರೂಪೇಶನ ಎದುರು ದುಃಖ ತೋಡಿಕೊಂಡೆ. "ಮೇಡಂ, ಇದು ಕೋಡೆಕ್ಕಿನ ತಾಪತ್ರಯ" ಎಂದ. ಕೋಡೆಕ್ಕೆಂದರೆ ವಿಡಿಯೋದ ಗಂಟು ಬಿಚ್ಚುವ ಒಂದು ಪುಟ್ಟ ಪ್ರೋಗ್ರಾಮು. ಕೋಡಿಬಾಗದವಳಿಗೆ ಕೋಡೆಕ್ಕಿನ ಭಯವೇ? ಮನೆಗೆ ಬಂದವಳೇ ಒಂದರ ಬದಲು ನಾಲ್ಕು ತುಂಬಿಸಿದೆ. ನಾಲ್ವರು ಸವತಿಯರು ಒಂದೇ ಅಡುಗೆಕೋಣೆಗೆ ಹೊಕ್ಕ ಹಾಗಾಗಿ, ಹೊಡೆದಾಟದಲ್ಲಿ ಕಂಪ್ಯೂಟರಿನ ದನಿಯೇ ಹೋಯಿತು. ಮೂಲ ಓಡಿಸಿದರೆ ಪುರೋಹಿತರು ಈಗ ಮೂಕರಾಗಿ ತೊದಲುತ್ತಿದ್ದರು! ಎರಡನೆಯ ತಟ್ಟೆ ಬುಟ್ಟಿಗೆ.

ಬುಧವಾರ ರೂಪೇಶ, "ಹಾಗಾದ್ರೆ ಮಷೀನು ಬಿಸಿ ಆಗ್ತಿರಬೇಕು ಮೇಡಂ" ಎಂದ. ಬಂದವಳೇ ನಾಲ್ಕು ಕೋಡೆಕ್ಕುಗಳಲ್ಲಿ ಮೂರನ್ನು ಹೊರಗಟ್ಟಿದೆ, ದನಿ ವಾಪಸು ಬಂತು. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಅತ್ತೆಯ ಕೋಣೆಯ ಟೇಬಲ್ ಫ್ಯಾನು ತಂದು ಅದರ ಹೊಟ್ಟೆಗೆ ಗಾಳಿ ಹಿಡಿದೆ. ಕಾರವಾರದ ಮೇ ತಿಂಗಳು! ಮರುದಿನವಿಡೀ ಕಂಪ್ಯೂಟರಿಗೆ ತಣ್ಣನೆಯ ಗಾಳಿ, ಅತ್ತೆಗೆ ಮಡಿಚಿದ ದಿನಪತ್ರಿಕೆ.

"ನನ್ನ ಕಾಲು ಮುರೀತು, ಅದಕ್ಕೆ ಯಾರೂ ಇಷ್ಟು ಗಾಳಿ ಹಾಕಲಿಲ್ಲ" ಎಂದರು ಅತ್ತೆ. ಮೂಲ ಆ ದಿನವೂ ಕುಂಟಿತು. ಮೂರನೆಯ ತಟ್ಟೆ ಬುಟ್ಟಿಗೆ.

ಶುಕ್ರವಾರಕ್ಕೆ ನಾನೇ ಸ್ವಂತ ಬುದ್ಧಿಯಿಂದ ಕಾರಣ ಕಂಡುಹಿಡಿದೆ: ವೋಲ್ಟೇಜು! ಕರೆಂಟು ಏರಿಳಿದರೆ ಚಿತ್ರವೂ ಏರಿಳಿಯದೇ? ಮನೆಗೆ ತುರ್ತುಪರಿಸ್ಥಿತಿ ಹೇರಿದೆ. ಮಿಕ್ಸರ್ ನಿಷಿದ್ಧ, ಇಸ್ತ್ರಿ ನಿಷಿದ್ಧ, ಫ್ರಿಜ್ಜು ಬಂದ್, ಟೀವಿಯ ಸುದ್ದಿಯಂತೂ ಎತ್ತುವ ಹಾಗಿಲ್ಲ. ಸಂಜೆ ಬಂದು ನೋಡಿದರೆ ಗಣಿತದ ಮಾಸ್ತರರು ಬನಿಯನ್ನಿನಲ್ಲಿ, ಕಾಲು ಚಾಚಿ, ಅರೆಯುವ ಕಲ್ಲಿನ ಮುಂದೆ ಕೂತು ಮೀನು ಸಾರಿಗೆ ಕಾಯಿ ಮೆಣಸು ಅರೆಯುತ್ತಿದ್ದಾರೆ. ಕಣ್ಣಲ್ಲಿ ಧಾರಾಕಾರ ನೀರು.

"ಮೆಣಸಾ?" ಎಂದೆ.

"ಅಲ್ಲ, ಮದುವೆ. ನಂದು" ಎಂದರು.

ನಾಲ್ಕನೆಯ ತಟ್ಟೆಯನ್ನೆಸೆಯಲು ಹೋದರೆ ಬುಟ್ಟಿಯೇ ಖಾಲಿ! ಮಳೆಗಾಲಕ್ಕೆಂದು ಕಾಶಿ ತಂದುಕೊಟ್ಟ ಬಂಗಡೆ ಮೀನನ್ನು ಅಂಗಳದಲ್ಲಿ ಒಣಹಾಕಿದ್ದರು. ಕಾಶಿ ಎಂದರೆ ನಮಗೆ ಹದಿನೈದು ವರ್ಷಗಳಿಂದ ಮೀನು ಕೊಡುವವಳು. ಕಾಗೆಗಳ ಕಾಟ ತಾಳಲಾರದೆ ಅತ್ತೆ ಕುರ್ಚಿಯಿಂದಲೇ ಅಪ್ಪಣೆ ಕೊಟ್ಟು, ಮಾಸ್ತರರ ಕೈಯಿಂದ ನನ್ನ ತಟ್ಟೆಗಳನ್ನೆಲ್ಲ ದಾರಕ್ಕೆ ಪೋಣಿಸಿ ಮೀನಿನ ಮೇಲೆ ತೂಗಿಸಿದ್ದರು. ಗಾಳಿಗೆ ತಿರುಗುತ್ತ, ಬಿಸಿಲಿಗೆ ಮಿಂಚುತ್ತ ಅವು ಕಾಗೆ ಓಡಿಸುತ್ತಿದ್ದವು. ನನ್ನ ತಿರಸ್ಕೃತ ನಕಲುಗಳಿಗೆ ಕೊನೆಗೂ ಒಂದು ನೌಕರಿ ಸಿಕ್ಕಿತು ಎಂದುಕೊಂಡು ನಾಲ್ಕನೆಯದನ್ನೂ ಅಲ್ಲಿಗೇ ನೇಮಕ ಮಾಡಿದೆ. ಶನಿವಾರದ ಐದನೆಯದಕ್ಕೂ ಅಲ್ಲೇ ಪೋಸ್ಟಿಂಗು.

ಭಾನುವಾರ ಬೆಳಗಾಯಿತು. ಬೀಗರು ಹನ್ನೆರಡಕ್ಕೆ ಬರುವವರು. ನಾನು ಅತ್ತೆಯ ಕುರ್ಚಿಯ ಹತ್ತಿರ ಹೋಗಿ ನೆಲ ನೋಡುತ್ತ ನಿಂತೆ.

"ಅತ್ತೇ, ಆಗಲಿಲ್ಲ. ಸಂದೇಶ ತೆಗೆದದ್ದೇ ಸರಿ ಇಲ್ಲ ಕಾಣ್ತದೆ."

ಅವರು ಬೈದಿದ್ದರೆ ಚೆನ್ನಾಗಿತ್ತು. "ಇರಲಿ ಬಿಡು. ನನ್ನ ಹಣೇಲಿ ಇರಲಿಲ್ಲ" ಎಂದು ಕಿಟಕಿಯ ಕಡೆಗೆ ಮುಖ ತಿರುಗಿಸಿದರು.

ಆಗ ಕಾಶಿ ಬುಟ್ಟಿ ಇಳಿಸಿದಳು. ಬೀಗರ ಊಟಕ್ಕೆ ಹೇಳಿಟ್ಟ ಇಸ್ವಾಣ ಮೀನು ತಂದಿದ್ದಳು.

"ಅಮ್ಮಾ, ನಿಮ್ಮ ಮೊಮ್ಮಗಳು ಎಷ್ಟು ಚಂದ ಕಾಣ್ತಿದ್ಲು! ಆ ಮೂಗಿನ ನತ್ತು ನಿಮ್ದೇ ಅಲ್ದಾ?"

ಅತ್ತೆ ಗಕ್ಕನೆ ತಿರುಗಿದರು. "ನೀ ಎಲ್ಲಿ ನೋಡಿದ್ಯೇ?"

"ನಮ್ಮನೆ ಟೀವೀಲಿ! ಆ ಕಾಗೆ ತಟ್ಟೆ ಒಂದು ದಾರ ಹರಿದು ಬೇಲಿ ಹತ್ರ ಬಿದ್ದಿತ್ತು. ಸಿನೆಮಾ ಇರ್ಬೇಕು ಹೇಳಿ ತಕ್ಕಂಡು ಹೋಗಿ ಹಾಕಿದ್ರೆ ಮದ್ವೆ! ನಮ್ಮ ಓಣಿಯವ್ರೆಲ್ಲ ಬಂದು ಕೂತು ನೋಡಿದ್ರು. ಎರಡು ಸಲ."

ನಾನು ನಡುವೆ ಬಾಯಿ ಹಾಕಿದೆ. "ಕಾಶೀ, ಅದು... ನಿಂತು ನಿಂತು ಹೋಗಲಿಲ್ವಾ? ತೊದಲಲಿಲ್ವಾ?"

"ಎಂತ ತೊದಲೂದು ಅಕ್ಕೋರೇ? ಹೊಳೆ ನೀರಿನಂಗೆ ಹೋಯ್ತು. ನೀವಂತೂ ಎಲ್ಲರಿಗಿಂತ ದೊಡ್ಡದಾಗಿ ಕಂಡ್ರಿ!"

ಮಾಸ್ತರರು ಎರಡು ಸೆಕೆಂಡು ಯೋಚಿಸಿ, ಕರಿಹಲಗೆಯ ಎದುರು ನಿಂತವರಂತೆ ಕೈ ಎತ್ತಿದರು. "ಗೊತ್ತಾಯ್ತು! ಆ ಮೂಲ ಫೈಲು ಭಾರ. ಅದನ್ನು ಓಡಿಸಿ ತೋರಿಸಬೇಕಾದ್ರೆ ನಮ್ಮ ಮುದುಕ ಕಂಪ್ಯೂಟರಿಗೆ ಏದುಸಿರು ಬರ್ತದೆ, ಅದಕ್ಕೆ ಕುಂಟ್ತದೆ. ಪರಿವರ್ತನೆ ಮಾಡೂವಾಗ ಅದಕ್ಕೆ ಅವಸರ ಇಲ್ಲ. ಇಡೀ ದಿನ ಕೂತು ಒಂದೊಂದೇ ಚಿತ್ರ ಸಾವಕಾಶ ಸರಿಯಾಗಿ ಮಾಡ್ತದೆ. ಮೂಲದಲ್ಲೂ ದೋಷ ಇಲ್ಲ, ನಕಲಿನಲ್ಲೂ ಇಲ್ಲ. ಮಂದಾ, ಸೋಮವಾರದ ತಟ್ಟೆಯೇ ಸರಿ ಇತ್ತು!"

ಆರು ದಿನ! ಐದು ನಿರಪರಾಧಿ ತಟ್ಟೆಗಳು! ಒಂದನ್ನೂ ಒಮ್ಮೆಯೂ ನೋಡದೆ ನಾನು ಮೀನಿನ ಮೇಲೆ ಗಲ್ಲಿಗೇರಿಸಿದ್ದೆ. ಓಡಿಹೋಗಿ ಒಂದನ್ನು ಬಿಚ್ಚಿ ತಂದೆ. ಮಾಸ್ತರರು ಅದರ ಮೇಲಿನ ಕಾಗೆಯ ಸಹಿಯನ್ನು ಲುಂಗಿಯ ತುದಿಯಿಂದ ಒರೆಸಿ ಪ್ಲೇಯರಿಗೆ ಹಾಕಿದರು.

ಓಡಿತು! ವಿಜೇತಾ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಮನುಷ್ಯರಂತೆ ನಡೆದಳು. ಸೋದರಮಾವ ಬಾಯಿ ತೆರೆದ, ಮುಚ್ಚಿದ. ಅತ್ತೆ ಮೊಮ್ಮಗಳ ಮುಖ ನೋಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಂಗಾರದಂಗೆ ಕಾಣ್ತದೆ ಕೂಸು" ಎಂದರು. ನಾನು ಎದೆಯುಬ್ಬಿಸಿ ನಿಂತೆ. ಕಾಶಿ ಯಾಕೋ ಬಾಯಿಗೆ ಸೆರಗು ಅಡ್ಡ ಹಿಡಿದು ಬಾಗಿಲ ಕಡೆ ಸರಿದಳು.

ಪುರೋಹಿತರು ಕೈ ಎತ್ತಿದರು. ಮಂತ್ರ ಒಂದು ಅಕ್ಷರವೂ ತೊದಲದೆ ಹರಿಯಿತು. ವಾದ್ಯ ಜೋರಾಯಿತು. ವರ ತಾಳಿ ಹಿಡಿದು ಎದ್ದ. ಅತ್ತೆ ಕುರ್ಚಿಯ ತುದಿಗೆ ಬಂದರು.

ಮರುಕ್ಷಣ ಪರದೆಯ ತುಂಬ ಗಿಳಿಹಸಿರು ರೇಷ್ಮೆ ಸೀರೆ!

ಎಡಗಡೆ ಸೀರೆ, ಬಲಗಡೆ ಸೀರೆ, ನಡುವೆ ವಿಶಾಲವಾದೊಂದು ಬೆನ್ನು. ಜಡೆಯಲ್ಲಿ ಅಬ್ಬಲಿಗೆ ದಂಡೆ, ರವಿಕೆಯ ಅಂಚಿನಲ್ಲಿ ಹೊರಗೆ ಇಣುಕಿದ ಒಂದು ಸೇಫ್ಟಿಪಿನ್ನು. ಆ ಬೆನ್ನಿನ ಎರಡೂ ಕಡೆಯಿಂದ ಎರಡು ಕೈಗಳು ಚಾಚಿ, ಜನರನ್ನು ಆಚೀಚೆ ತಳ್ಳುತ್ತಿದ್ದವು. ಜತೆಗೆ, ವಾದ್ಯವನ್ನೂ ಮೀರಿಸಿ, ಗಂಟೆಯಷ್ಟು ಸ್ಪಷ್ಟವಾದ ನನ್ನ ದನಿ:

"ಸರೀರಿ, ಎಲ್ಲಾ ಬದಿಗೆ ಸರೀರಿ! ಕ್ಯಾಮೆರಾಕ್ಕೆ ಅಡ್ಡ ನಿಲ್ಲಬೇಡಿ! ನಮ್ಮತ್ತೆ ನೋಡೂದದೆ ಇದನ್ನ!"

ಎಲ್ಲರೂ ಸರಿದರು. ನಾನೊಬ್ಬಳೇ ಸರಿಯಲಿಲ್ಲ. ಒಂದು ನಿಮಿಷ ಹನ್ನೆರಡು ಸೆಕೆಂಡು, ಮಾಸ್ತರರು ಲೆಕ್ಕ ಹಾಕಿ ಹೇಳಿದರು. ಒಮ್ಮೆಯೂ ತೊದಲದೆ, ಒಮ್ಮೆಯೂ ನಿಲ್ಲದೆ, ನನ್ನ ಬೆನ್ನು ಹೊಳೆ ನೀರಿನಂತೆ ಹರಿಯಿತು. ಬೆನ್ನು ಪಕ್ಕಕ್ಕೆ ಸರಿದಾಗ ಮದುಮಕ್ಕಳು ತಾಳಿ, ಮಾಲೆ ಎಲ್ಲ ಮುಗಿಸಿ ಕೈಮುಗಿದು ನಿಂತಿದ್ದರು.

ಅತ್ತೆ ಟೀವಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಹೊರಗೆ ಕಾರು ನಿಂತ ಸದ್ದಾಯಿತು.

ಬೀಗ್ತಿ ಒಳಗೆ ಬಂದವರೇ ಅತ್ತೆಯ ಎರಡೂ ಕೈ ಹಿಡಿದುಕೊಂಡರು. "ನೀವೊಬ್ರು ಬರಲಿಲ್ಲ ಹೇಳಿ ನಮಗೆಲ್ಲ ಭಾಳ ಬೇಜಾರಾಯ್ತು ನೋಡಿ. ಹತ್ರ ಕೂತು ತಾಳಿ ಕಟ್ಟೂದು ನೋಡೂ ಭಾಗ್ಯ ತಪ್ಪಿಹೋಯ್ತಲ್ಲ ನಿಮಗೆ!"

"ಎಂತದೂ ತಪ್ಪಲಿಲ್ಲ ಬಿಡಿ" ಎಂದರು ಅತ್ತೆ, ಮೊಮ್ಮಗಳನ್ನು ಮಗ್ಗುಲಿಗೆ ಎಳೆದು ಕೂರಿಸಿಕೊಳ್ಳುತ್ತ. "ನಾ ಬಂದಿದ್ರೂ ಇಷ್ಟೇ ಕಾಣ್ತಿತ್ತು. ಮುಂದೆ ನನ್ನ ಸೊಸೆ ನಿಂತಿದ್ಲು."